ಫೈಬರ್ ಡಬ್ಬದ ಹಳೇ ಬಿಳುಪು

"ಸಾಯಂಕಾಲ ಅವಳು ಬಂದು ನೋಡೋ ಹೊತ್ತಿಗೆ ಆ ಶವರ್ ಹೇಗಿರಬೇಕು ಅಂದ್ರೆ, ಅದರಲ್ಲಿ ಮುಖ ನೋಡ್ಕೊಂಡು ಗಡ್ಡ ಕೆರೀಬೇಕು! ಹಾಗೆ ಮಾಡದಿದ್ರೆ ನನ್ನನ್ನ ಪಾಲಿಶ್ ಮಾಮ ಅಂತ ಯಾರೂ ಕರೀಬೇಡಿ!"

ಪಾಲಿಶ್ ಮಾಮ ಹೀಗೆ ಘೋಷಿಸಿದ್ದು ಖಾಲಿ ಅಡುಗೆಮನೆಗೆ. ಕೇಳಿಸಿಕೊಂಡದ್ದು ಒಂದು ಟೀ ಲೋಟ, ಅರ್ಧ ಕಚ್ಚಿದ ಬ್ರೆಡ್ಡು ಮತ್ತು ತೊಟ್ಟಿಕ್ಕುವ ನಲ್ಲಿ. ಮೂವರಲ್ಲಿ ಒಬ್ಬರೂ ಎದುರು ಮಾತಾಡಲಿಲ್ಲ. ತಮ್ಮ ಮನೆಯಲ್ಲಿ ತಮ್ಮದೊಂದು ನಿರ್ಧಾರ ಹೀಗೆ ಸರ್ವಾನುಮತದಿಂದ ಪಾಸಾದದ್ದು ಮಾಮನಿಗೆ ನೆನಪಿರುವಂತೆ ಅದೇ ಮೊದಲು. ಆ ಹುರುಪಿನಲ್ಲಿ ಅವರು ಪಂಚೆಯಂತೆ ಸುತ್ತಿಕೊಂಡಿದ್ದ ಟವೆಲನ್ನು ಇನ್ನಷ್ಟು ಬಿಗಿದು, ಟೊಂಕ ಕಟ್ಟಿ ನಿಂತರು.

ಪಾಲಿಶ್ ಮಾಮ ಎಂಬುದು ಬೀದಿಯವರು ಕೊಟ್ಟ ಬಿರುದು. ಬೀದಿಯ ತಿರುವಿನಲ್ಲಿ ಅವರದೊಂದು ಕಾರು ಪಾಲಿಶ್ ಅಂಗಡಿ ಇತ್ತು. ಬಿಸಿಲಿಗೆ ಬೆಂದು, ಮಳೆಗೆ ನೆಂದು, ಹಕ್ಕಿಗಳ ಕೃಪೆಗೆ ಪಾತ್ರವಾಗಿ ಬಣ್ಣಗೆಟ್ಟ ಕಾರುಗಳು ಅಲ್ಲಿ ಒಳಗೆ ಹೋಗುತ್ತಿದ್ದವು. ಮದುವೆಗೆ ಹೊರಟ ಹಾಗೆ ಹೊರಗೆ ಬರುತ್ತಿದ್ದವು. ಅಂಗಡಿ ಮುಚ್ಚಿ ಕಾಲವಾಗಿತ್ತು. ಆದರೆ ಅಲ್ಲಿನ, ಗರಗರ ತಿರುಗಿ ಹೊಳಪು ಬರಿಸುವ ಬಫಿಂಗ್ ಮೆಷಿನ್ನನ್ನು ಮಾತ್ರ ಮಾಮ ಮನೆಗೆ ತಂದು, ಹಳೆಯ ಕಂಬಳಿಯಲ್ಲಿ ಬೆಚ್ಚಗೆ ಸುತ್ತಿ ಮಂಚದ ಕೆಳಗೆ ಮಲಗಿಸಿದ್ದರು. ಆಗಾಗ ಅದನ್ನು ಎಳೆದು ನೋಡಿ, ಧೂಳು ಒರೆಸಿ, ಮತ್ತೆ ಮಲಗಿಸುವುದು ಅವರ ನಿವೃತ್ತ ಜೀವನದ ಗುಟ್ಟಿನ ಸಂತೋಷವಾಗಿತ್ತು.

ಅವರ ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. ಇಡೀ ಬೀದಿ ಅವರನ್ನು ಸಿಸ್ಟರಮ್ಮ ಎಂದೇ ಕರೆಯುತ್ತದೆ. ಹಾಗೆ ಕರೆಯುವ ಹಕ್ಕಿಲ್ಲದ ಒಬ್ಬನೇ ಮನುಷ್ಯ ಎಂದರೆ, ಪಾಪ, ಮಾಮ. ಸಿಸ್ಟರಮ್ಮನಿಗೆ ಮೊಣಕಾಲಿನ ಆಪರೇಷನ್ ಆಗಿತ್ತು. ಮಗಳ ಮನೆಯಲ್ಲಿ ಇಷ್ಟು ದಿನ ಸುಧಾರಿಸಿಕೊಂಡು, ಈ ದಿನ ಸಾಯಂಕಾಲ ಮನೆಗೆ ಬರುವವರಿದ್ದರು. ಅದು ಸಂತೋಷದ ಸುದ್ದಿಯೇ. ಆದರೆ ಬೆಳಿಗ್ಗೆ ಮಗಳು ಫೋನು ಮಾಡಿ ಆ ಸಂತೋಷಕ್ಕೆ ಒಂದು ಬಾಲ ಅಂಟಿಸಿದ್ದಳು.

"ಅಪ್ಪಾ, ಅಮ್ಮನ್ನ ಕರ್ಕೊಂಡು ಬರ್ತಿದೀನಿ. ಜೊತೆಗೆ ಟೈಲ್ಸ್ ಮೇಸ್ತ್ರೀನೂ ಬರ್ತಾರೆ."

"ಯಾಕೆ? ಅಮ್ಮನ್ನ ಹೊತ್ಕೊಂಡು ಬರೋಕಾ?"

"ಬಾತ್‌ರೂಮಿನ ಅಳತೆ ತಗೊಳ್ಳೋಕೆ. ಆ ಹಳದಿ ಡಬ್ಬ ಒಡೆಸಿ ಹಾಕಿ, ಟೈಲ್ಸ್ ಹಾಕಿಸಿಬಿಡೋಣ. ನೋಡೋಕೇ ಅಸಹ್ಯ ಆಗಿದೆ."

"ಹಳದಿ ಡಬ್ಬ ಅನ್ಬೇಡ! ಅದು ಬಿಳಿ. ಹಾಲಿನಂಥ ಬಿಳಿ. ಸ್ವಲ್ಪ ವಯಸ್ಸಾಗಿದೆ, ಅಷ್ಟೇ."

"ನಾನು ಹುಟ್ಟಿದಾಗಿಂದ ನೋಡ್ತಿದೀನಿ ಅಪ್ಪಾ. ಅದು ಹಳದೀನೇ."

"ನೀನು ಹುಟ್ಟಿದ್ದೇ ಲೇಟು!"

ಫೋನಿಟ್ಟ ಮೇಲೆ ಮಾಮ ಬಚ್ಚಲುಮನೆಯ ಬಾಗಿಲಲ್ಲಿ ಬಹಳ ಹೊತ್ತು ನಿಂತರು. ಮೂಲೆಯಲ್ಲಿ ಫೈಬರ್ ಗ್ಲಾಸಿನ ಶವರ್ ನಿಂತಿತ್ತು. ಮೂರು ಗೋಡೆ ಮತ್ತು ನೆಲ ಎಲ್ಲವೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಡಬ್ಬ. ಬಾಗಿಲಿಲ್ಲದ ಬೀರುವಿನ ಹಾಗೆ. ಬಾಗಿಲಿನ ಜಾಗದಲ್ಲಿ ಒಂದು ಪರದೆ. ಗೋಡೆಯ ತುಂಬ ಸೋಪಿನ ಜಿಡ್ಡು, ನೀರಿನ ಗೀಟುಗಳು, ಶಾಂಪೂ ಬಾಟಲಿ ಇಟ್ಟಲ್ಲೆಲ್ಲ ಉಂಗುರಗಳು. ಹೆಂಡತಿ ಇದ್ದಾಗ ಹೀಗಿರಲಿಲ್ಲ. ಅವರು ಮಗಳ ಮನೆಗೆ ಹೋದಮೇಲೆ ಮಾಮ ಅದರಲ್ಲಿ ಸ್ನಾನ ಮಾಡಿದ್ದರೇ ಹೊರತು, ಅದಕ್ಕೆ ಸ್ನಾನ ಮಾಡಿಸಿರಲಿಲ್ಲ.

ಆ ಡಬ್ಬ ಮನೆಗೆ ಬಂದ ದಿನ ಮಾಮನಿಗೆ ನೆನಪಾಯಿತು. ಅದಕ್ಕೂ ಮೊದಲು ಅವರದ್ದು ಬಕೆಟ್ಟು ಮಗ್ಗಿನ ಸಂಸಾರ. ಬೀದಿಯಲ್ಲೇ ಮೊದಲ ಶವರ್ ಅದು! ತಳ್ಳುಗಾಡಿಯ ಮೇಲೆ ಅಂಗಾತ ಮಲಗಿ ಬರುತ್ತಿದ್ದಾಗ ಎದುರುಮನೆಯವರು "ದೋಣಿ ಯಾಕೆ ತರಿಸಿದ್ರಿ?" ಎಂದು ಕೇಳಿದ್ದರು. ಬಚ್ಚಲಿನ ಬಾಗಿಲಲ್ಲಿ ಅದು ಹಿಡಿಸಲಿಲ್ಲ. ಅಂಗಡಿಯ ಗೆಳೆಯರೆಲ್ಲ ಸೇರಿ ಬಾಗಿಲಿನ ಚೌಕಟ್ಟನ್ನೇ ಕಿತ್ತರು. "ಎತ್ರೋ! ಓರೆ ಮಾಡ್ರೋ! ನನ್ನ ಕಾಲ್ಬೆರಳು ಕಣ್ರೋ!" ಎಂಬ ಗದ್ದಲದಲ್ಲಿ ಅದು ಗೃಹಪ್ರವೇಶ ಮಾಡಿತು. ಆ ಗೆಳೆಯರಲ್ಲಿ ಕೆಲವರು ಈಗಿಲ್ಲ. ಇರುವವರು ದೂರವಿದ್ದಾರೆ.

ಅವತ್ತು ಸಾಯಂಕಾಲ ಹೆಂಡತಿ ಡ್ಯೂಟಿ ಮುಗಿಸಿ ಬಂದವರು, ಹೆಗಲಿನ ಬ್ಯಾಗು ಕೆಳಗಿಡುವ ವ್ಯವಧಾನವೂ ಇಲ್ಲದೆ ಸೀದಾ ಒಳಗೆ ಹೋಗಿ ನಿಂತಿದ್ದರು. "ನೀರು ಬರುತ್ತೇನ್ರೀ?" ಎಂದು ತಲೆಯೆತ್ತಿ ನೋಡಿದ್ದರು. "ಬರದೇ ಏನು?" ಎಂದು ಮಾಮ ಪಕ್ಕದಲ್ಲೇ ನಿಂತು ತಿರುಪಿದ್ದೇ ತಡ, ಜೋರು ಮಳೆ ಹೊಯ್ದ ಹಾಗೆ ಇಬ್ಬರ ಮೇಲೂ ನೀರು! ಬಟ್ಟೆಬರೆ ಸಮೇತ ಇಬ್ಬರೂ ತೊಪ್ಪೆ. ಆಗ ಅವರ ಹೆಂಡತಿ ನಕ್ಕ ನಗು! ಹೊಟ್ಟೆ ಹಿಡಿದುಕೊಂಡು, ಗೋಡೆಗೆ ಒರಗಿಕೊಂಡು, ಉಸಿರು ಸಿಗದೆ ನಕ್ಕಿದ್ದರು. ಸುತ್ತ ಎಲ್ಲಾ ಬೆಳ್ಳಗೆ ಹೊಳೆಯುತ್ತಿತ್ತು.

ಆ ನಗು ಕೇಳಿ ಬಹಳ ಕಾಲವಾಗಿತ್ತು. ಮೊಣಕಾಲು ನೋವು ಬಂದಮೇಲೆ ಅವರು ನಗುವುದೇ ಕಡಿಮೆಯಾಗಿತ್ತು. ಮನೆಗೆ ಬಂದವರು ಬಚ್ಚಲಿಗೆ ಇಣುಕಿ, ಆ ಹಳೆಯ ಬಿಳುಪನ್ನು ಕಂಡು ಒಮ್ಮೆ ಹಾಗೆ ನಕ್ಕುಬಿಟ್ಟರೆ ಸಾಕು ಎಂದು ಮಾಮನಿಗೆ ಆಸೆಯಾಯಿತು. ಅವರಿಲ್ಲದ ಮನೆಯಲ್ಲಿ ಒಬ್ಬರೇ ಇದ್ದು ಮಾಮ ನಿಜಕ್ಕೂ ಸೊರಗಿದ್ದರು. ಅದನ್ನು ಬಾಯಿಬಿಟ್ಟು ಹೇಳುವ ಅಭ್ಯಾಸ ಅವರಿಗಿರಲಿಲ್ಲ. ಟೈಲ್ಸ್ ಮೇಸ್ತ್ರಿಯನ್ನು ಬಂದ ದಾರಿಯಲ್ಲೇ ವಾಪಸು ಕಳಿಸುವುದಕ್ಕೂ ಬೇರೆ ಉಪಾಯವಿರಲಿಲ್ಲ. ಶವರ್ ಹೊಳೆಯಬೇಕು.

ಆದರೂ ಶಾಸ್ತ್ರಕ್ಕೆ ಒಂದು ಮಾತು ಕೇಳಿಬಿಡೋಣ ಎಂದು ಹೆಂಡತಿಗೆ ಫೋನು ಮಾಡಿದರು.

"ಏನಿಲ್ಲ, ಸುಮ್ನೆ ಕೇಳ್ದೆ. ನೀನು ಶವರ್ ಹೇಗೆ ತೊಳೀತಿದ್ದೆ?"

ಆ ಕಡೆಯಿಂದ ಗಾಬರಿಯ ದನಿ: "ರೀ, ಮೈ ಹುಷಾರಾಗಿದೆ ತಾನೇ? ಜ್ವರ ಗಿರ ಇದೆಯಾ?"

"ಚೆನ್ನಾಗೇ ಇದೀನಿ ಕಣೇ. ಹೇಳು ಅಂದ್ರೆ."

"ಬೆಚ್ಚಗಿನ ನೀರು. ಪಾತ್ರೆ ತೊಳೆಯೋ ಲಿಕ್ವಿಡ್ ನಾಲ್ಕು ಹನಿ. ಮೆತ್ತನೆ ಸ್ಪಂಜು. ಜಿಡ್ಡು ಬಿಡದಿದ್ರೆ ಅಡುಗೆ ಸೋಡಾ ನೀರಲ್ಲಿ ಕಲಸಿ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಒರೆಸೋದು. ಆಮೇಲೆ ನೀರು ಹಾಕಿ, ಒಣಬಟ್ಟೇಲಿ ತೇವ ತೆಗೆಯೋದು. ಸ್ಟೀಲ್ ಸ್ಕ್ರಬ್ಬರ್ ಮುಟ್ಟಿಸಬಾರದು. ಉಜ್ಜೋ ಪುಡಿ ಹಾಕಬಾರದು. ಕೇಳ್ತಿದೆಯಾ?"

"ಕೇಳ್ತಿದೆ. ಇದೇನು ಶವರ್ ತೊಳೆಯೋದಾ, ಹಸುಗೂಸಿಗೆ ಎರೆಯೋದಾ?"

"ಎರಡೂ ಒಂದೇ. ಅದರ ಚರ್ಮ ತೆಳು. ಗೀರು ಬಿದ್ರೆ ಕೊಳೆ ಅದರೊಳಗೇ ಮನೆ ಮಾಡುತ್ತೆ. ರೀ, ನಿಜ ಹೇಳಿ, ಏನು ಮಾಡೋಕೆ ಹೊರಟಿದೀರಿ?"

"ನಾನಾ? ಪೇಪರ್ ಓದೋಕೆ!" ಎಂದು ಮಾಮ ಫೋನಿಟ್ಟರು.

ಇಟ್ಟವರು ಮೀಸೆಯಲ್ಲೇ ನಕ್ಕರು. ನಾಲ್ಕು ಹನಿಯಂತೆ! ಮೆತ್ತನೆ ಸ್ಪಂಜಂತೆ! ಪಾಪ, ನರ್ಸಮ್ಮ, ಎಲ್ಲದಕ್ಕೂ ಹತ್ತಿ ಒತ್ತಿ ಬ್ಯಾಂಡೇಜು ಕಟ್ಟಿಯೇ ಅಭ್ಯಾಸ. ಬಣ್ಣದ ವಿಷಯ ಗೊತ್ತಿರುವುದು ಬಣ್ಣದವನಿಗೆ! ಕೆಂಪು ಕಾರು ಬಿಸಿಲಲ್ಲಿ ನಿಂತು ನಿಂತು ಗುಲಾಬಿಯಾಗುತ್ತದೆ. ಅದು ಬಣ್ಣ ಹೋದದ್ದಲ್ಲ, ಮೇಲಿನ ಚರ್ಮ ಸತ್ತದ್ದು. ಆ ಸತ್ತ ಚರ್ಮವನ್ನು ಉಜ್ಜಿ ತೆಗೆದರೆ ಅಡಿಯಲ್ಲಿ ಅಸಲಿ ಕೆಂಪು ಹೊಸದಾಗಿ ಕಾದು ಕುಳಿತಿರುತ್ತದೆ. ಎಷ್ಟು ಕಾರುಗಳ ಮಾನ ಉಳಿಸಿದ ವಿದ್ಯೆ ಇದು! ಶವರಿಗೂ ಅಷ್ಟೇ. ಮೇಲಿನ ಹಳದಿ ಸತ್ತ ಚರ್ಮ. ಅಡಿಯಲ್ಲಿ ಬಿಳುಪು ಕಾಯುತ್ತಿದೆ.

ಅಡುಗೆಮನೆಯಿಂದ ಸ್ಟೀಲ್ ಸ್ಕ್ರಬ್ಬರ್ ಬಂತು. ಉಜ್ಜುವ ಪುಡಿಯ ಡಬ್ಬಿಯೂ ಬಂತು. ಮಾಮ ಮೊದಲು ಒಂದು ಮೂಲೆಯಲ್ಲಿ ಅಂಗೈಯಗಲ ಜಾಗ ಉಜ್ಜಿದರು. ಬಟ್ಟೆಯಿಂದ ಒರೆಸಿ ನೋಡಿದರು.

ಬಿಳಿ!

"ಬಂತು! ಬಂತು ಬಂತು!" ಎಂದು ಮಾಮ ಕೂಗಿದ್ದು ಪಕ್ಕದ ಮನೆಗೂ ಕೇಳಿಸಿರಬೇಕು. ಮಂಕಾದ ಹಳದಿಯ ನಡುವೆ ಒಂದು ಬೆಳ್ಳನೆಯ ಮಚ್ಚೆ. ಅವರ ಕಣ್ಣು ನಿಜಕ್ಕೂ ತುಂಬಿ ಬಂತು. ಇಷ್ಟು ವರ್ಷ ಅಡಗಿ ಕೂತಿತ್ತಲ್ಲ, ನಾನು ಕರೆಯಲಿ ಅಂತಲೇ ಕಾದಿತ್ತಲ್ಲ ಎಂದುಕೊಂಡರು. ಪುಡಿ ತೊಳೆಯಲು ಒಂದು ಮಗ್ಗು ನೀರು ಎರಚಿದರು.

ಹಳದಿ!

ಮಾಮ ಕಣ್ಣುಜ್ಜಿಕೊಂಡರು. ಬಟ್ಟೆ ತೆಗೆದು ಒರೆಸಿದರು. ಬಿಳಿ. ನೀರು ಹಾಕಿದರು. ಹಳದಿ. ಒರೆಸಿದರು. ಮತ್ತೆ ಬಿಳಿ! ಗೋಸುಂಬೆಯೂ ಇಷ್ಟು ಬೇಗ ಬಣ್ಣ ಬದಲಿಸಲಾರದು. ಬೇರೆ ಯಾರಾದರೂ ಆಗಿದ್ದರೆ ಇಲ್ಲಿಗೆ ಸ್ಕ್ರಬ್ಬರ್ ಕೆಳಗಿಟ್ಟು ಯೋಚಿಸುತ್ತಿದ್ದರು. ಆದರೆ ಮಾಮ ಅನುಭವಸ್ಥರು. ಯೋಚನೆಯನ್ನು ಕೈಯಿಂದಲೇ ಮಾಡುವವರು. "ಒಣಗಿದಾಗ ಬಿಳಿ ಆಗಿದೆ. ಇನ್ನೂ ಸ್ವಲ್ಪ ಉಜ್ಜಿದ್ರೆ ನೆಂದಾಗಲೂ ಬಿಳಿ ಆಗುತ್ತೆ" ಎಂದು ತೀರ್ಪು ಕೊಟ್ಟುಕೊಂಡು ಉಜ್ಜಿದರು. ಎಡಗೈ ಸೋತರೆ ಬಲಗೈ. ಬಲಗೈ ಸೋತರೆ ಎರಡೂ. ಮೂರು ಗೋಡೆಯೂ ಹೆಗಲೆತ್ತರದವರೆಗೆ ಮುಗಿಯುವಷ್ಟರಲ್ಲಿ ಸ್ಕ್ರಬ್ಬರ್ ಮಾಮನಿಗಿಂತ ಮೊದಲೇ ಸತ್ತುಹೋಗಿತ್ತು.

ಹಿಂದೆ ಸರಿದು ನೋಡಿದರು.

ಕೆಳಗಿನ ಭಾಗ ಬೂದಿ ಬಳಿದ ಹಾಗೆ ಬೆಳ್ಳಗೆ ಬಿಳಿಚಿಕೊಂಡಿತ್ತು, ಮೇಲೆ ಹಳೆಯ ಹಳದಿ. ಕೈಯಾಡಿಸಿದರೆ ವಾರ ಕ್ಷೌರ ಕಾಣದ ಗಲ್ಲದ ಹಾಗೆ ಒರಟು. ಮೈಯೆಲ್ಲ ಸ್ಕ್ರಬ್ಬರಿನ ಗೀರು, ಹೊಳಪಿನ ಸುಳಿವೇ ಇಲ್ಲ. ಇದ್ದ ಅಲ್ಪಸ್ವಲ್ಪ ಮಿನುಗನ್ನೂ ತಾವೇ ಕೈಯಾರೆ ಕೆರೆದು ಚರಂಡಿಗೆ ಹರಿಸಿದ್ದೇವೆ ಎಂದು ಮಾಮನಿಗೆ ಅರಿವಾಯಿತು. "ಅದರ ಚರ್ಮ ತೆಳು" ಎಂಬ ಮಾತು ಕಿವಿಯಲ್ಲಿ ಗುಂಯ್‌ಗುಟ್ಟಿತು. ಮಗಳು ನೋಡಿದರೆ? ಮೇಸ್ತ್ರಿ ನೋಡಿದರೆ? ಅವಳು ನೋಡಿದರೆ? ಮಾಮ ಪುಡಿ ಮೆತ್ತಿದ ಒದ್ದೆ ಕೈಯಲ್ಲೇ ತಲೆ ಕೆರೆದುಕೊಂಡರು. ತಲೆಯ ತುಂಬ ನೊರೆಯಾಯಿತು, ಉಪಾಯ ಮಾತ್ರ ಒಂದೇ ಒಂದು ಬಂತು.

ಮಂಚದ ಕೆಳಗಿನಿಂದ ಕಂಬಳಿಯ ಗಂಟು, ಅದರ ಜೊತೆ ಅಂಗಡಿಯ ಹಳೆಯ ಪಾಲಿಶ್ ಡಬ್ಬಿಗಳು ಹೊರಬಂದವು.

ಇನ್ನು ಬಚ್ಚಲಿನಲ್ಲಿ ನಡೆದದ್ದನ್ನು ಕೆಲಸ ಎನ್ನುವುದು ಕಡಿಮೆಯಾದೀತು, ಅದೊಂದು ಮಹಾಯುದ್ಧ! ಮಾಮ ಗೋಡೆಗಳನ್ನೆಲ್ಲ ಚೆನ್ನಾಗಿ ಒಣಗಿಸಿ, ಗೀರು ತೆಗೆಯುವ ಬಿಳಿ ಮುಲಾಮಿನಂಥ ರಬ್ಬಿಂಗ್ ಕಾಂಪೌಂಡನ್ನು ಧಾರಾಳವಾಗಿ ಬಳಿದು, ಮೆಷಿನ್ನಿನ ಗುಂಡಿ ಒತ್ತಿದರು. ಗುಂಯ್ಯ್! ಬಹುಕಾಲದಿಂದ ಮಲಗಿದ್ದ ಮೆಷಿನ್ನು ಮೈಕೊಡವಿ ಎದ್ದಿತು. ಅಂಗಡಿಯ ಅಗಲದಲ್ಲಿ ಸಿಡಿದರೆ ಗೊತ್ತಾಗದ ಕಾಂಪೌಂಡು, ಬಚ್ಚಲಿನ ಇಕ್ಕಟ್ಟಿನಲ್ಲಿ ಸಿಡಿದು ಸಿಡಿದು ಸೀಲಿಂಗಿಗೆ ಹತ್ತಿತು, ಕನ್ನಡಿಗೆ ಹತ್ತಿತು, ಟೂತ್‌ಬ್ರಷ್ಷಿಗೆ ಹತ್ತಿತು, ಒಗೆದು ಮಡಿಸಿಟ್ಟ ಟವೆಲುಗಳಿಗೆಲ್ಲ ಹತ್ತಿತು. ಮಾಮನ ಹುಬ್ಬು ಮೀಸೆ ಎರಡೂ ಒಂದೇ ಬಣ್ಣವಾದವು. ಆದರೆ ಅವರಿಗೆ ಅದರ ಪರಿವೆ ಇರಲಿಲ್ಲ. ಕೈಯಲ್ಲಿ ಮೆಷಿನ್ನಿನ ನಡುಕ, ಮೂಗಿನಲ್ಲಿ ಕಾಂಪೌಂಡಿನ ವಾಸನೆ. ಅವರು ಮತ್ತೆ ಅಂಗಡಿಯಲ್ಲಿದ್ದರು. ಗೆಳೆಯರ ಕೂಗಾಟ, ರೇಡಿಯೋದ ಗೊರಗೊರ, ಹೊರಗೆ ಸಾಲಾಗಿ ನಿಂತ ಕಾರುಗಳು. ಮಧ್ಯಾಹ್ನ ಬುತ್ತಿ ಹಂಚಿಕೊಂಡು ಉಣ್ಣುತ್ತಿದ್ದ ಬೆಂಚು ಕೂಡ ಕಂಡ ಹಾಗಾಯಿತು. ಎಂಥ ದಿನಗಳು ಅವು ಎಂದು ಮಾಮ ಗಟ್ಟಿಯಾಗಿಯೇ ಅಂದರು. ಮೆಷಿನ್ನಿನ ಸದ್ದಿನಲ್ಲಿ ಅದು ಅವರಿಗೂ ಕೇಳಿಸಲಿಲ್ಲ.

ಮತ್ತು ಗೋಡೆ ಹೊಳೆಯಿತು! ನಿಜವಾಗಿ ಹೊಳೆಯಿತು. ಬೂದಿ ಬಣ್ಣ ಹೋಯಿತು, ಒರಟು ಹೋಯಿತು. ಹೊಳಪು ಬಂದ ಕಡೆಯೆಲ್ಲ ಹಳದಿಯೂ ತಣ್ಣಗೆ ವಾಪಸು ಬಂದದ್ದು ಮಾಮನ ಕಣ್ಣಿಗೆ ಬಿತ್ತು. "ಇದು ಬಲ್ಬಿನ ದೋಷ" ಎಂದು ಅವರು ಬಲ್ಬನ್ನು ದುರುಗುಟ್ಟಿ ನೋಡಿದರು.

ಕೊನೆಗೆ ಮೇಣದ ಲೇಪ, ವ್ಯಾಕ್ಸ್. ಪಾಲಿಶ್ ಆದಮೇಲೆ ವ್ಯಾಕ್ಸ್ ಹಾಕದೆ ಯಾವ ಕಾರನ್ನೂ ಮಾಮ ಅಂಗಡಿಯಿಂದ ಹೊರಗೆ ಬಿಟ್ಟವರಲ್ಲ. ಮೂರೂ ಗೋಡೆಗೆ ಹಚ್ಚಿದರು. ಡಬ್ಬಿಯಲ್ಲಿ ಇನ್ನೂ ಉಳಿದಿತ್ತು. ಕೆಲಸದಲ್ಲಿ ಅರೆಬರೆ ಅವರಿಗೆ ಆಗದು. ಹೊರಗಡೆ ಮಂಡಿಯೂರಿ ಕೂತು, ಕೈ ನೀಡಿ ನೀಡಿ, ನೆಲಕ್ಕೂ ಹಚ್ಚಿದರು. ತೆಳುವಾಗಿ ಒಂದು ಸಲ, ಪ್ರೀತಿಯಿಂದ ಇನ್ನೊಂದು ಸಲ. ಮೆತ್ತನೆ ಬಟ್ಟೆಯಲ್ಲಿ ಸುತ್ತಿ ಸುತ್ತಿ ತಿಕ್ಕಿದರು. ಕಾರಿನ ಮೇಲೆ ಯಾರೂ ನಿಂತು ಸ್ನಾನ ಮಾಡುವುದಿಲ್ಲ ಎಂಬ ಸಂಗತಿ ಆ ಕ್ಷಣದಲ್ಲಿ ಅವರಿಗೆ ಹೊಳೆಯಲಿಲ್ಲ. ಹೊಳೆದದ್ದು ನೆಲ ಮಾತ್ರ.

ವ್ಯಾಕ್ಸ್ ಸರಿಯಾಗಿ ಕೂತಿದೆಯೋ ಇಲ್ಲವೋ ಎಂದು ತಿಳಿಯಲು ಒಂದೇ ಪರೀಕ್ಷೆ: ನೀರು ಬಿಡಬೇಕು, ಅದು ಮುತ್ತುಮುತ್ತಾಗಿ ಉರುಳಬೇಕು. ಮಾಮ ಎದೆಯುಬ್ಬಿಸಿ, ಬರಿಗಾಲನ್ನು ಒಳಗಿಟ್ಟು, ನಲ್ಲಿಗೆ ಕೈ ಹಾಕಿದರು.

ನೀರು ಮುತ್ತುಮುತ್ತಾಗಿ ಉರುಳಿತು. ಅದರ ಹಿಂದೆಯೇ ಮಾಮನೂ ಉರುಳಿದರು!

ಬಲಗಾಲು ಒಂದು ಕಡೆ ಹೋಯಿತು, ಎಡಗಾಲು ಅದನ್ನು ಹುಡುಕಿಕೊಂಡು ಹೋಯಿತು. ಮಾಮ ಪರದೆ ಹಿಡಿದರು. ಪರದೆ, ಅದರ ಸರಳು, ಸರಳಿಗೆ ನೇತುಹಾಕಿದ್ದ ಬನಿಯನ್ನು ಎಲ್ಲವೂ ಅವರ ಮೇಲೆ ಬಂದವು. ಮಾಮ ಧೊಪ್ಪನೆ ಕುಳಿತರು. ಬೀಳುವಾಗ ಹಿಡಿದ ನಲ್ಲಿ ಪೂರ್ತಿ ತಿರುಗಿ, ತಣ್ಣೀರು ಧೋ ಎಂದು ನೆತ್ತಿಯ ಮೇಲೆ ಸುರಿಯತೊಡಗಿತು. ಏಳಲು ನೋಡಿದರು, ಜಾರಿ ಮತ್ತೆ ನೀರು ಹೋಗುವ ಜಾಲರಿಯ ಮೇಲೇ ಬಂದು ಕೂತರು. ಗೋಡೆ ಹಿಡಿದು ಏಳಲು ನೋಡಿದರು; ಕೈ ಬೆಣ್ಣೆಯ ಮೇಲೆ ಇಟ್ಟಂತೆ ಜರ್ರನೆ ಇಳಿಯಿತು. ಮಂಡಿಯೂರಿದರೆ ಮೂಗು ಗೋಡೆಗೆ. ಅಂಬೆಗಾಲಿಟ್ಟರೆ ಗದ್ದ ನೆಲಕ್ಕೆ. ಎಲ್ಲಿ ಹಿಡಿದರೂ ಹಿಡಿತವಿಲ್ಲ. ಇಷ್ಟು ಒಳ್ಳೆಯ ಪಾಲಿಶ್ ಅವರು ಜೀವಮಾನದಲ್ಲೇ ಮಾಡಿರಲಿಲ್ಲ!

ಹಾಗೆ ಪರದೆ ಹೊದ್ದು ನೀರಿನಡಿ ಕೂತಿದ್ದಾಗ ಮಾಮನಿಗೆ ಒಂದು ಯೋಚನೆ ಬಂತು. ತಾವು ಪರೀಕ್ಷೆಗೆಂದು ಕಾಲಿಡದೇ ಹೋಗಿದ್ದರೆ, ಈ ನೆಲದ ಮೇಲೆ ಮೊದಲು ಕಾಲಿಡುತ್ತಿದ್ದದ್ದು ಅವಳು. ಹೊಸ ಮೊಣಕಾಲು, ಕೈಯಲ್ಲಿ ಕೋಲು. ಹೊಳಪೂ ಬೇಡ, ಬಿಳುಪೂ ಬೇಡ, ಅವಳು ನೆಟ್ಟಗೆ ನಡೆದಾಡಿಕೊಂಡಿದ್ದರೆ ಸಾಕು ಎಂದು ಅವರು ಒದ್ದೆ ಪರದೆಯೊಳಗೆ ಕೂತು ಮನಸಾರೆ ಅಂದುಕೊಂಡರು.

ಅಷ್ಟರಲ್ಲಿ ಮುಂಬಾಗಿಲು ತೆರೆದ ಸದ್ದು. ಮಗಳ ಹತ್ತಿರ ಬೀಗದ ಕೈ ಇತ್ತು.

"ಅಪ್ಪಾ? ಎಲ್ಲಿದೀಯ? ಏನಿದು ನೀರಿನ ಸದ್ದು?"

"ಬರಬೇಡಿ! ಯಾರೂ ಒಳಗೆ ಕಾಲಿಡಬೇಡಿ!"

ಬರಬೇಡಿ ಎಂದರೆ ಬರದೇ ಇರುವ ವಂಶವೇ ಅದಲ್ಲ. ಮೊದಲು ಮಗಳು, ಅವಳ ಹಿಂದೆ ಅಳತೆಯ ಟೇಪು ಹಿಡಿದ ಟೈಲ್ಸ್ ಮೇಸ್ತ್ರಿ, ಅವರ ಹಿಂದೆ ಕೋಲಿನ ಟಕ್ ಟಕ್ ಸದ್ದು. ಬಚ್ಚಲಿನ ಬಾಗಿಲಲ್ಲಿ ಮೂರು ತಲೆಗಳು ಒಂದರ ಪಕ್ಕ ಒಂದು ಕಾಣಿಸಿಕೊಂಡವು. ಒಳಗೆ, ಬಿಳಿ ಹುಬ್ಬಿನ, ಬಿಳಿ ಮೀಸೆಯ ಒಂದು ಆಕೃತಿ ಪರದೆ ಹೊದ್ದು ಮಳೆಯಲ್ಲಿ ಕೂತಿತ್ತು.

"ಅಪ್ಪಾ!" ಎಂದು ಮಗಳು ಮುನ್ನುಗ್ಗಿದಳು.

"ನಿಲ್ಲು ಅಲ್ಲೇ!" ಸಿಸ್ಟರಮ್ಮನ ಕೋಲು ಅಡ್ಡ ಬಂತು. ಇಡೀ ವಾರ್ಡನ್ನು ಗಪ್‌ಚಿಪ್ ಮಾಡಿಸುತ್ತಿದ್ದ ದನಿ ಅದು. "ನೆಲ ಹೊಳೀತಿರೋದು ಕಾಣಲ್ವಾ? ಏನೋ ಬಳಿದಿದಾರೆ. ರೀ, ಅಲ್ಲಾಡಬೇಡಿ. ಕಾಲ್ಬೆರಳು ಆಡಿಸಿ."

ಮಾಮ ಆಡಿಸಿದರು.

"ಸೊಂಟ ನೋಯ್ತಿದೆಯಾ?"

"ಸ್ವಲ್ಪ."

"ತಲೆಗೆ ಏಟಾಯ್ತಾ?"

"ಇಲ್ಲ."

"ಇಲ್ಲದೇ ಹೀಗಾಡಿದೀರಾ? ಹಾಗಾದ್ರೆ ಔಷಧಿ ಇಲ್ಲ ಬಿಡಿ." ಅವರು ಮಗಳ ಕಡೆ ತಿರುಗಿದರು. "ಕೋಲು ಚಾಚಿ ಮೊದಲು ನೀರು ನಿಲ್ಸು. ಆಮೇಲೆ ಆ ಪರದೇನ ಅವರ ಅಡಿಗೆ ತೂರಿಸಿ ಎಳೀರಿ. ಪೇಷಂಟನ್ನ ಬೆಡ್‌ಶೀಟಲ್ಲಿ ಎಳೆಯಲ್ವಾ, ಹಾಗೆ. ಮೇಸ್ತ್ರೀ, ನೀವು ಆ ತುದಿ ಹಿಡ್ಕೊಳ್ಳಿ."

"ಒಂದು, ಎರಡು..." ಮೇಸ್ತ್ರಿ ಸಿಮೆಂಟು ಮೂಟೆಗೆ ಕೈ ಹಾಕಿದವರಂತೆ ಉಸಿರು ಬಿಗಿಹಿಡಿದು ಎಳೆದರು. ಅಷ್ಟು ಬಲ ಬೇಕಿರಲಿಲ್ಲ. ಮಾಮ ಸುಂಯ್ಯನೆ ಜಾರಿ ಬಂದು, ಹೊಸಿಲು ದಾಟಿ, ಹೊರಗಿನ ಕಾಲೊರಸಿನ ಮೇಲೆ ನಿಂತರು, ಅಂದರೆ ಕೂತರು.

ಟವೆಲು ಸುತ್ತಿಸಿ, ಸ್ಟೂಲಿನ ಮೇಲೆ ಕೂರಿಸಿ, ಸೊಂಟ ಒತ್ತಿ ನೋಡಿ, ಏನೂ ಮುರಿದಿಲ್ಲ ಎಂದು ಖಾತ್ರಿಯಾದಮೇಲೆ ಸಿಸ್ಟರಮ್ಮ ಪಕ್ಕದ ಕುರ್ಚಿಯಲ್ಲಿ ಕಾಲು ಚಾಚಿ ಕೂತರು.

"ಈಗ ಹೇಳಿ. ಪೇಪರ್ ಓದ್ತೀನಿ ಅಂದವರು ಏನು ಮಾಡಿದ್ರಿ?"

ಮಾಮನ ದನಿ ಇಳಿದಿತ್ತು. "ನೀನು ಬರೋದ್ರೊಳಗೆ ಅದನ್ನ ಮೊದಲಿನ ಹಾಗೆ ಬಿಳಿ ಮಾಡೋಣ ಅಂತ. ಹೊಸದಾಗಿ ತಂದಾಗ ಇತ್ತಲ್ಲ, ಹಾಗೆ."

"ಬಿಳೀನಾ? ಯಾವುದು ಬಿಳಿ?"

"ಶವರ್ ಕಣೇ! ಹಾಲಿನ ಹಾಗಿತ್ತಲ್ಲ?"

"ಅದು ಯಾವತ್ತು ಬಿಳಿ ಇತ್ತು? ತಂದ ದಿನದಿಂದ ಕೆನೆ ಬಣ್ಣ."

"ನಿಂಗೆ ಮರೆತಿದೆ."

"ನಂಗಾ? ಆಸ್ಪತ್ರೇಲಿ ಗೋಡೆ ಬಿಳಿ, ಹಾಸಿಗೆ ಬಿಳಿ, ಹತ್ತಿ ಬಿಳಿ. ನೋಡಿ ನೋಡಿ ಸಾಕಾಗಿ, ಮನೇಲಾದ್ರೂ ಬೇರೆ ಬಣ್ಣ ಇರಲಿ ಅಂತ ಅಂಗಡೀಲಿ ಬೆರಳು ತೋರಿಸಿ ಆರಿಸಿದವಳು ನಾನು. ನೀವು ಪಕ್ಕದಲ್ಲಿ ನಿಂತು ಆಕಳಿಸ್ತಿದ್ರಿ."

ಮಾಮನಿಗೆ ರೋಷ ಬಂತು. ಬಿದ್ದದ್ದನ್ನು ಸಹಿಸಬಹುದು, ಬಣ್ಣದ ವಿಷಯದಲ್ಲಿ ತಮ್ಮನ್ನು ತಿದ್ದುವುದೇ! ಟವೆಲು ಕೊಡವಿ ಎದ್ದರು.

"ಕಾರಿಗೆ ಎಷ್ಟು ಸಲ ಪೇಂಟ್ ಹೊಡೆದಿದ್ರೂ ಅಸಲಿ ಬಣ್ಣ ಮುಚ್ಚಿಡೋಕಾಗಲ್ಲ. ಬಿಸಿಲು ಬೀಳದ ಜಾಗದಲ್ಲಿ ನೋಡಬೇಕು, ಸಿಕ್ಕಿಬೀಳುತ್ತೆ. ಇಲ್ಲಿ ಸೋಪಿನ ತಟ್ಟೆ ಇದೆಯಲ್ಲ, ಅದರ ಹಿಂದೆ ಬೆಳಕೇ ಬಿದ್ದಿಲ್ಲ. ಬಿಚ್ಚಿ ತೋರಿಸ್ತೀನಿ. ಬಿಳಿ ಇದ್ರೆ ಏನಂತೀಯ?"

"ಇಲ್ಲದಿದ್ರೆ ನೀವೇನಂತೀರಿ?"

ಕಾಲೊರಸನ್ನು ನೆಲಕ್ಕೆ ಹಾಸಿ, ಸ್ಕ್ರೂಡ್ರೈವರ್ ಹಿಡಿದು, ಒಂದು ಕೈಯನ್ನು ಮಗಳ ಕೈಯಲ್ಲಿಟ್ಟು ಮಾಮ ಬಾಗಿದರು. ತಟ್ಟೆ ಕಳಚಿ ಕೈಗೆ ಬಂತು. ಅದರ ಹಿಂದೆ, ಯಾವ ಸೋಪೂ ಸೋಕದ, ಯಾವ ಬೆಳಕೂ ಕಾಣದ ಒಂದು ಚೌಕ, ಅಂಗಡಿಯಿಂದ ಬಂದ ದಿನದಷ್ಟೇ ಹೊಸದಾಗಿತ್ತು.

ಅಪ್ಪಟ ಕೆನೆ ಬಣ್ಣ.

ಟೈಲ್ಸ್ ಮೇಸ್ತ್ರಿ, ಸಾವಿನ ಮನೆಯಲ್ಲಿ ಕೆಮ್ಮುವ ಹಾಗೆ ಮೆಲ್ಲಗೆ ಕೆಮ್ಮಿ, "ಅಳತೆ ತಗೊಳ್ಳಲಾಮ್ಮಾ?" ಎಂದರು.

"ಬೇಡ," ಎಂದರು ಸಿಸ್ಟರಮ್ಮ. "ಇದು ಇಲ್ಲೇ ಇರಲಿ. ನಂಗೆ ಆ ಬಣ್ಣ ಇಷ್ಟ. ಗೋಡೆಗೆ ಹಿಡ್ಕೊಳ್ಳೋಕೆ ಎರಡು ಹಿಡಿಕೆ ಹಾಕ್ಕೊಡಿ, ಸಾಕು. ನೆಲದ ವ್ಯಾಕ್ಸ್ ಯಾರು ಬಳಿದ್ರೋ ಅವರೇ 'ಬೆಚ್ಚಗಿನ ನೀರಲ್ಲಿ' ತೆಗೀತಾರೆ."

ಶವರ್ ಉಳಿಯಿತು. ಆದರೆ ಮಾಮ ಸಂತೋಷಪಡಲಿಲ್ಲ. ಸ್ಟೂಲಿನ ಮೇಲೆ ಕೂತು ಸೋಪಿನ ತಟ್ಟೆಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಇಷ್ಟು ವರ್ಷ ಜೋಪಾನವಾಗಿಟ್ಟುಕೊಂಡ ಒಂದು ದಿನ ಸುಳ್ಳಾಗಿಹೋದರೆ ಯಾರಿಗೆ ತಾನೇ ಸಂಕಟವಾಗುವುದಿಲ್ಲ?

"ಆದ್ರೂ ನಂಗೆ ಕಣ್ಣಿಗೆ ಕಟ್ಟಿದ ಹಾಗಿದೆ ಕಣೇ," ಎಂದರು ಕೊನೆಗೆ. "ನೀನು ಬಂದು ಒಳಗೆ ನಿಂತೆ. ನಾನು ನೀರು ಬಿಟ್ಟೆ. ಇಬ್ಬರೂ ತೊಪ್ಪೆ ಆದ್ವಿ. ನೀನು ನಗ್ತಿದ್ದೆ. ಎಲ್ಲಾ ಬಿಳಿ... ಬೆಳ್ಳಗೆ ಹೊಳೀತಿತ್ತು."

ಸಿಸ್ಟರಮ್ಮ ಗಂಡನ ಮುಖವನ್ನೇ ನೋಡಿದರು. ಏನೋ ಹೇಳಲು ಬಾಯಿ ತೆರೆದು, ಮಗಳು ಮತ್ತು ಮೇಸ್ತ್ರಿ ಇರುವುದು ಕಂಡು ಸುಮ್ಮನಾದರು. ತುಟಿ ಕಚ್ಚಿಕೊಂಡರು. ತಡೆಯಲಾಗಲಿಲ್ಲ.

"ಬಿಳಿ ಇದ್ದದ್ದು ನನ್ನ ಯೂನಿಫಾರ್ಮು ಕಣ್ರೀ! ಡ್ಯೂಟಿಯಿಂದ ಸೀದಾ ಬಂದು ನಿಂತಿದ್ದೆ. ನೀವು ಅವತ್ತು ಗೋಡೆ ನೋಡಿದ್ರೆ ತಾನೇ!"

ಹೇಳಿದ್ದೇ ತಡ, ಅವರಿಗೆ ನಗು ಒತ್ತರಿಸಿಕೊಂಡು ಬಂತು. ಹೊಟ್ಟೆ ಹಿಡಿದುಕೊಂಡು, ಕುರ್ಚಿಗೆ ಒರಗಿ, ಉಸಿರು ಸಿಗದೆ ನಕ್ಕರು. ಕೋಲು ಕೈಜಾರಿ ಬಿತ್ತು. ಮೇಸ್ತ್ರಿ ಟೇಪು ಮಡಚುತ್ತಾ ಗೋಡೆಯ ಕಡೆ ತಿರುಗಿದರು. ಮಾಮನ ಕಿವಿಗಳು ಕೆಂಪಗಾದವು. ಆದರೆ ಅವರು ಹೆಂಡತಿ ನಗುವುದನ್ನು ಬಿಟ್ಟಕಣ್ಣಿನಿಂದ ನೋಡುತ್ತಿದ್ದರು. ಆಮೇಲೆ ಮೆಲ್ಲಗೆ ಬಗ್ಗಿ, ಗುಟ್ಟಿನಲ್ಲಿ ಕೇಳುವವರಂತೆ ಕೇಳಿದರು:

"ಆ ಯೂನಿಫಾರ್ಮ್ ಈಗ ಎಲ್ಲಿಟ್ಟಿದೀಯ?"

"ಅಮ್ಮಾ, ಹೇಳಬೇಡ!" ಮಗಳು ಹಾರಿಬಂದು ಸ್ಟೂಲಿನ ಪಕ್ಕದಿಂದ ಬಫಿಂಗ್ ಮೆಷಿನ್ನನ್ನು ಕಸಿದುಕೊಂಡಳು. "ಅದಕ್ಕೂ ಪಾಲಿಶ್ ಹಾಕಿಬಿಡ್ತಾರೆ!"